ಯಾವ ಟ್ಯಾಕೋ ತಿನ್ನೋಣ? ಮೆಕ್ಸಿಕೋದ ಮಾಂಸದ ಟ್ಯಾಕೋಗಳಲ್ಲಿ ನಿಮಗೆ ಹೊಂದುವುದನ್ನು ಆರಿಸುವ ಬಗೆ

ಕೆಲಸದ ಮೇಲೆ ಮೆಕ್ಸಿಕೋದ ಮಾಂಟೆರೇಗೋ ಗ್ವಾದಲಹಾರಾಗೋ ಹೋಗುವ ಕನ್ನಡಿಗರು ಈಗ ಅಪರೂಪವೇನಲ್ಲ. ಇನ್ಫೋಸಿಸ್, ಟಿಸಿಎಸ್‌ನಂಥ ಕಂಪನಿಗಳ ಕಚೇರಿಗಳು ಅಲ್ಲಿವೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಇರುವವರಿಗಂತೂ ಟ್ಯಾಕೋ ಗಾಡಿ ದಿನಾ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಕೇಳುವುದು ಒಂದೇ. ಬೋರ್ಡ್ ಮೇಲೆ ಹತ್ತು ಹೆಸರು ಬರೆದಿದ್ದಾರೆ, ಯಾವುದನ್ನು ತಗೊಳ್ಳೋದು? ಹೊಟ್ಟೆಗೆ ಯಾವುದು ಹಗುರ? ದನದ ಮಾಂಸ ಬೇಡ ಅನ್ನುವವರು ಏನು ಹೇಳಬೇಕು? ಊರಿಂದ ಬಂದ ಅಪ್ಪನಿಗೆ ಕೊಲೆಸ್ಟ್ರಾಲ್ ಇದೆ, ಅವರಿಗೆ ಏನು ಕೊಡಿಸೋದು?

ಬೆಂಗಳೂರಿನ ಅನೇಕರಿಗೆ ಟ್ಯಾಕೋ ಅಂದರೆ ಕಟುಂ ಅನ್ನುವ ಹಳದಿ ಚಿಪ್ಪು. ಭಾರತದ ಮೊದಲ ಟ್ಯಾಕೋ ಬೆಲ್ 2010ರಲ್ಲಿ ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲೇ ತೆರೆದದ್ದು. ಅದು ಅಮೆರಿಕದಲ್ಲಿ ಬೆಳೆದ ರೂಪ. ಇಲ್ಲಿ ಅದರ ವಿಷಯ ಬಿಟ್ಟುಬಿಡೋಣ. ಮೆಕ್ಸಿಕೋದ ಬೀದಿಯಲ್ಲಿ ಸಿಗುವುದು ಅಂಗೈಯಷ್ಟು ಅಗಲದ ಮೆತ್ತನೆಯ ಮೆಕ್ಕೆಜೋಳದ ರೊಟ್ಟಿ, ಅಂದರೆ ಟೋರ್ಟಿಯಾ, ಅದರ ಮೇಲೆ ಒಂದು ಹಿಡಿ ಮಾಂಸ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ನಿಂಬೆಹುಳಿ, ಸಾಲ್ಸಾ ಎಂಬ ಚಟ್ನಿ. ಬಹಳ ಕಡೆ ಚೀಸ್ ಇಲ್ಲ, ಕೆನೆ ಇಲ್ಲ, ಲೆಟ್ಯೂಸ್ ಸೊಪ್ಪೂ ಇಲ್ಲ.

ಯಾವುದರಿಂದ ಅಳೆಯೋದು

ಮೊದಲನೆಯದು ಪ್ರಾಣಿ. ಹಂದಿ, ದನ, ಕುರಿ, ಮೇಕೆ. ನಮ್ಮಲ್ಲಿ ಹೆಚ್ಚಿನವರಿಗೆ ಇದೇ ಮೊದಲ ಜರಡಿ. ಕೆಲವು ಹೆಸರುಗಳು ಊರಿನಿಂದ ಊರಿಗೆ ಪ್ರಾಣಿಯನ್ನೇ ಬದಲಾಯಿಸುತ್ತವೆ. ಅದಕ್ಕೆ ಇಲ್ಲಿ ಸ್ವಲ್ಪ ಎಚ್ಚರ ಬೇಕು.

ಎರಡನೆಯದು ನೆಣ. ನನ್ನ ಪ್ರಕಾರ ಇದು ಪ್ರಾಣಿಗಿಂತ ಮುಖ್ಯ. ಹಂದಿ ಅಂದರೆ ಜಿಡ್ಡು, ಮೇಕೆ ಅಂದರೆ ಹಗುರ ಅಂತ ಸುಮ್ನೆ ಹೇಳಿಬಿಡುತ್ತೇವೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಮಾಂಸ ಬೇಯುವಾಗ ಕರಗಿದ ನೆಣ ಎಲ್ಲಿಗೆ ಹೋಯಿತು? ಕೆಂಡಕ್ಕೆ ತೊಟ್ಟಿಕ್ಕಿತಾ, ಕೆಳಗಿನ ಪಾತ್ರೆಗೆ ಇಳಿದು ಸಾರಾಗಿ ವಾಪಸ್ ಬಂತಾ, ಇಲ್ಲ ಮಾಂಸ ಅದರಲ್ಲೇ ಮುಳುಗಿ ಕೂತಿತ್ತಾ? ಇದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಆಮೇಲೆ ಉಪ್ಪು, ಟೋರ್ಟಿಯಾ, ಹೊತ್ತು, ದುಡ್ಡು. ಖಾರವನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ. ಮಾಂಸ ಸಾಮಾನ್ಯವಾಗಿ ಖಾರ ಇರುವುದಿಲ್ಲ. ಖಾರ ಸಾಲ್ಸಾದಲ್ಲಿ ಇರುತ್ತದೆ, ಸಾಲ್ಸಾ ಹಾಕಿಕೊಳ್ಳುವವರು ನೀವೇ.

ಕ್ಯಾಲೊರಿ ಲೆಕ್ಕಕ್ಕೆ ಒಂದು ಟ್ಯಾಕೋದಲ್ಲಿ 45 ಗ್ರಾಂ ಬೆಂದ ಮಾಂಸ, 35 ಗ್ರಾಂ ಟೋರ್ಟಿಯಾ ಅಂತ ಇಟ್ಟುಕೊಂಡಿದ್ದೇನೆ. ಅಂಗಡಿಯವನ ಕೈ ಧಾರಾಳವಾದರೆ ಲೆಕ್ಕ ಏರುತ್ತದೆ.

ಟೋರ್ಟಿಯಾದ ಬಗ್ಗೆ ಮೊದಲು

ಹಂದಿ, ದನ, ಕುರಿ, ಮೇಕೆ ನಾಲ್ಕೂ ಸ್ಪೇನಿನವರ ಜೊತೆ ಬಂದವು. ಅಂದರೆ ಈ ಟ್ಯಾಕೋಗಳಲ್ಲಿರುವ ಮಾಂಸಕ್ಕೆ ಅಲ್ಲಿ ಹೆಚ್ಚೆಂದರೆ 500 ವರ್ಷದ ಇತಿಹಾಸ. ಮೆಕ್ಕೆಜೋಳದ್ದು ಸುಮಾರು 9000 ವರ್ಷದ್ದು. ಹಾಗಾಗಿ ಟ್ಯಾಕೋದಲ್ಲಿ ನಿಜವಾಗಿ ಹಳೆಯದು ಕೆಳಗಿರುವ ರೊಟ್ಟಿ.

ಆ ರೊಟ್ಟಿಯ ಹಿಂದೆ ಒಂದು ಜಾಣತನ ಇದೆ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು ರುಬ್ಬುತ್ತಾರೆ. ಇದರಿಂದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಕ್ಯಾಲ್ಸಿಯಂ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಿನಲ್ಲಿ ಸಿಕ್ಕಿಕೊಂಡಿರುವ ನಿಯಾಸಿನ್ ಎಂಬ ಬಿ ವಿಟಮಿನ್ ನಮ್ಮ ಮೈಗೆ ದಕ್ಕುವಂತಾಗುತ್ತದೆ. ಯುರೋಪಿನವರು ಮೆಕ್ಕೆಜೋಳವನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಉತ್ತರ ಇಟಲಿಯಲ್ಲಿ, ಆಮೇಲೆ 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಅದನ್ನೇ ನಂಬಿ ಬದುಕಿದ ಬಡವರಿಗೆ ನಿಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಬಂತು.

ನೂರು ಗ್ರಾಂ ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಸುಮಾರು 218 ಕ್ಯಾಲೊರಿ, 6 ಗ್ರಾಂ ನಾರು. ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಗೋಧಿ ಹಿಟ್ಟಿನ ಟೋರ್ಟಿಯಾಗೆ ಉಪ್ಪೂ ಕೊಬ್ಬೂ ಬೀಳುತ್ತವೆ, ಕ್ಯಾಲೊರಿ 300 ದಾಟುತ್ತದೆ. ಬಿಪಿ ಇರುವವರು, ಸಕ್ಕರೆ ಕಾಯಿಲೆ ಇರುವವರು ಬೇರೇನೂ ನೆನಪಿಡದಿದ್ದರೂ ಮೆಕ್ಕೆಜೋಳದ್ದೇ ಕೊಡಿ ಅಂತ ಕೇಳುವುದನ್ನು ನೆನಪಿಡಿ. ಕೇಳುವ ಮಾತು: ದೆ ಮಾಯಿಸ್. ಗೋಧಿ ಒಗ್ಗದವರಿಗೂ ಇದೇ ದಾರಿ.

ಅನೇಕ ಕಡೆ ಒಂದರ ಮೇಲೊಂದು ಎರಡು ಟೋರ್ಟಿಯಾ ಇಟ್ಟು ಕೊಡುತ್ತಾರೆ. ರಸ ಸೋರಿ ಕೆಳಗಿನದು ಹರಿಯದಿರಲಿ ಅಂತ. ಕಾರ್ಬ್ ಕಡಿಮೆ ಬೇಕಾದರೆ ಒಂದೇ ಸಾಕು ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಲ್ ಪಾಸ್ತೋರ್: ಮೊದಲ ಸಲ ತಿನ್ನುವವರಿಗೆ

ಪ್ರಾಣಿ: ಹಂದಿ. ತೆಳುವಾಗಿ ಸೀಳಿದ ಮಾಂಸಕ್ಕೆ ಒಣಮೆಣಸಿನಕಾಯಿ, ಅಚಿಯೋತೆ ಎಂಬ ಕೆಂಪು ಬೀಜ, ವಿನೆಗರ್, ಮಸಾಲೆ ಹಚ್ಚಿ ನೆಟ್ಟಗೆ ನಿಂತ ಕಂಬಿಗೆ ಒಂದರ ಮೇಲೊಂದು ಪೋಣಿಸುತ್ತಾರೆ. ಪಕ್ಕದಲ್ಲಿ ಬೆಂಕಿ. ಸುತ್ತುತ್ತಾ ಬೆಂದ ಹೊರಪದರವನ್ನು ಕತ್ತಿಯಿಂದ ಕೆರೆದು ನೇರ ಟೋರ್ಟಿಯಾಗೆ. ಮೇಲೆ ಒಂದು ಚೂರು ಅನಾನಸ್.

ಶವರ್ಮಾ ನೆನಪಾಯ್ತು ಅಲ್ವಾ? ನಿಜ, ಮೂಲ ಅದೇ. ಲೆಬನಾನ್ ಕಡೆಯ ವಲಸಿಗರು 19ನೇ ಶತಮಾನದ ಕೊನೆ ಮತ್ತು 20ನೆಯದರ ಆರಂಭದಲ್ಲಿ ಮೆಕ್ಸಿಕೋಗೆ ಬಂದರು. ಪ್ವೆಬ್ಲಾ ನಗರದಲ್ಲಿ 1930ರ ದಶಕದಲ್ಲಿ ಇದು ಟ್ಯಾಕೋ ಆರಾಬೆ ಆಯಿತು. ಅದನ್ನು ಇವತ್ತಿಗೂ ಗೋಧಿಯ ಅರಬ್ ರೊಟ್ಟಿಯಲ್ಲಿ ಸುತ್ತಿ ಕೊಡುತ್ತಾರೆ. ಕುರಿಯ ಜಾಗಕ್ಕೆ ಹಂದಿ ಬಂತು. ಮೆಕ್ಸಿಕೋ ನಗರಕ್ಕೆ ಬರುವಷ್ಟರಲ್ಲಿ ಮೆಣಸಿನ ಕೆಂಪು ಮಸಾಲೆ, ಮೆಕ್ಕೆಜೋಳದ ಟೋರ್ಟಿಯಾ ಸೇರಿದವು. ಅಲ್ಲಿ ಎಲ್ ವೆಕೀತೋ, ಎಲ್ ತಿಸೋನ್ಸೀತೋ ಎಂಬ ಅಂಗಡಿಗಳು ಮೊದಲು ಮಾಡಿದ್ದು ನಾವೇ ಅಂತ ಈಗಲೂ ಹೇಳಿಕೊಳ್ಳುತ್ತವೆ. ಮೊದಲನೆಯದು ಶುರುವಾದದ್ದು 1959ರಲ್ಲಿ, ಎರಡನೆಯದು 1966ರಲ್ಲಿ.

ನೆಣ ಕಂಬಿಯುದ್ದಕ್ಕೂ ಕೆಳಗಿಳಿಯುತ್ತದೆ. ಇಳಿಯುತ್ತಾ ಕೆಳಗಿನ ಪದರಗಳನ್ನು ನೆನೆಸುತ್ತದೆ, ಮಿಕ್ಕದ್ದು ತಟ್ಟೆಗೆ ಬೀಳುತ್ತದೆ. ಹಾಗಾಗಿ ಜಿಡ್ಡು ಮಧ್ಯಮ. ಉಪ್ಪು ಮಾತ್ರ ಮಸಾಲೆಯಲ್ಲೇ ಊರಿರುತ್ತದೆ, ಅದನ್ನು ಕಡಿಮೆ ಮಾಡಿ ಅಂತ ಕೇಳುವ ಹಾಗಿಲ್ಲ. ಬೆಲೆ ಕಡಿಮೆ, ಸಂಜೆಯಿಂದ ಮಧ್ಯರಾತ್ರಿವರೆಗೆ ಸಿಗುತ್ತದೆ. ಇದರ ನಿಜವಾದ ಅಪಾಯ ಎಣಿಕೆಯದು. ಟ್ಯಾಕೋ ಪುಟ್ಟದು, ಎರಡು ತುತ್ತಿಗೆ ಮುಗಿಯುತ್ತದೆ, ಐದು ಹೊಟ್ಟೆಗಿಳಿದದ್ದು ಗೊತ್ತೇ ಆಗುವುದಿಲ್ಲ. ಇದೇ ಮಾಂಸವನ್ನು ಗೋಧಿ ಟೋರ್ಟಿಯಾ, ಚೀಸ್ ಜೊತೆ ಕೊಡುವ ಗ್ರಿಂಗಾ ಅನ್ನುವುದೂ ಇದೆ. ರುಚಿಗೆ ಸರಿ, ಹಗುರ ಊಟ ಬೇಕೆನ್ನುವವರಿಗಲ್ಲ.

ಅಂಗಡಿ ಆರಿಸುವಾಗ ಜನ ನೋಡಿ. ಕಂಬಿಯ ಮಾಂಸ ಬೇಗ ಬೇಗ ಖಾಲಿಯಾಗುವ ಕಡೆ ತಿನ್ನಿ. ಬೆಂಕಿ ಆರಿಸಿ ಹಾಗೇ ನಿಲ್ಲಿಸಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಕಾರ್ನಿತಾಸ್: ಒಂದು ಪದ ಕಲಿತರೆ ಸಾಕು

ಇದೂ ಹಂದಿ. ತವರು ಮಿಚೋವಕಾನ್ ರಾಜ್ಯ. ಕಿರೋಗಾ, ಉರುವಾಪಾನ್ ಊರುಗಳ ಹೆಸರು ಹೇಳಿದರೆ ಮೆಕ್ಸಿಕೋದವರ ಬಾಯಲ್ಲಿ ನೀರೂರುತ್ತದೆ. ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಹಂದಿಯ ಕೊಬ್ಬನ್ನೇ ಕರಗಿಸಿ, ಅದರಲ್ಲಿ ಹಂದಿಯ ದೊಡ್ಡ ದೊಡ್ಡ ತುಂಡುಗಳನ್ನು ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುತ್ತಾರೆ. ಅದೇ ರಾಜ್ಯದ ಸಾಂತಾ ಕ್ಲಾರಾ ದೆಲ್ ಕೋಬ್ರೆ ತಾಮ್ರದ ಕೆಲಸಕ್ಕೆ ಹೆಸರಾದ ಊರು. 2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಾದರಿಯಾಗಿ ಎತ್ತಿಕೊಂಡದ್ದು ಮಿಚೋವಕಾನನ್ನೇ.

ಇಲ್ಲಿ ನೆಣ ಎಲ್ಲಿಗೂ ಹೋಗುವುದಿಲ್ಲ. ಮಾಂಸ ಅದರಲ್ಲೇ ಇರುತ್ತದೆ. ಹಂದಿಯ ಭುಜದ ಮಾಂಸ ಬೆಂದ ಮೇಲೆ 100 ಗ್ರಾಂಗೆ ಸುಮಾರು 290 ಕ್ಯಾಲೊರಿ, 21 ಗ್ರಾಂ ಕೊಬ್ಬು. ನಮ್ಮ ಲೆಕ್ಕದಲ್ಲಿ ಒಂದು ಟ್ಯಾಕೋಗೆ 200 ಕ್ಯಾಲೊರಿ ಚಿಲ್ಲರೆ, ಸ್ಯಾಚುರೇಟೆಡ್ ಕೊಬ್ಬು ಮೂರೂವರೆ ಗ್ರಾಂನ ಆಸುಪಾಸು. ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಈ ಕೊಬ್ಬಿನಿಂದ ಬರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಮೂರು ಟ್ಯಾಕೋ ತಿಂದರೆ ಅದರ ಅರ್ಧ ಮುಗಿಯಿತು.

ಇದು ಕೇಳಿ ಗಾಬರಿಯಾಗಬೇಡಿ. ಕಾರ್ನಿತಾಸ್‌ನ ಒಳ್ಳೆಯ ಗುಣ ಅಂದರೆ ಯಾವ ಭಾಗ ಬೇಕು ಅಂತ ನೀವೇ ಹೇಳಬಹುದು. ಮಾಸೀಸಾ ಅಂದರೆ ಬರೀ ಮಾಂಸ. ಕ್ವೆರೀತೋ ಅಂದರೆ ಮೆತ್ತನೆಯ ಚರ್ಮ. ಬುಚೆ ಹೊಟ್ಟೆಯ ಭಾಗ. ಸುರ್ತೀದಾ ಎಲ್ಲ ಬೆರೆಸಿದ್ದು. ರುಚಿಗೆ ಸುರ್ತೀದಾನೇ ಮೇಲು, ಇದರಲ್ಲಿ ವಾದವೇ ಇಲ್ಲ. ಆದರೆ ಮಾಸೀಸಾ ಅಂದ ತಕ್ಷಣ ಜಿಡ್ಡು ಎಷ್ಟೋ ಇಳಿಯುತ್ತದೆ. ಮಸಾಲೆ ಕಡಿಮೆ ಇರುವುದರಿಂದ ಮಸಾಲೆ ಆಗದು ಅನ್ನುವವರಿಗೆ ಪಾಸ್ತೋರ್‌ಗಿಂತ ಇದೇ ಹಿಡಿಸಬಹುದು. ಕಿಲೋ ಲೆಕ್ಕದಲ್ಲೂ ಮಾರುತ್ತಾರೆ. ನಾಲ್ಕು ಜನ ಇದ್ದರೆ ಅರ್ಧ ಕಿಲೋ ಮಾಂಸ, ಬೇರೆ ಟೋರ್ಟಿಯಾ ತಗೊಂಡು ಮನೆಯಲ್ಲಿ ತಿನ್ನುವುದು ಒಳ್ಳೆಯ ಉಳಿತಾಯ.

ಬಾರ್ಬಕೋವಾ: ಕುರಿ ತಿನ್ನುವವರ ಭಾನುವಾರ

ಹಂದಿ, ದನ ಎರಡೂ ಬೇಡ ಅನ್ನುವವರು ಇಲ್ಲಿ ನಿಲ್ಲಿ. ಇದಾಲ್ಗೋ ರಾಜ್ಯದಲ್ಲಿ, ಮೆಕ್ಸಿಕೋ ನಗರದ ಸುತ್ತಮುತ್ತ ಬಾರ್ಬಕೋವಾ ಅಂದರೆ ಕುರಿ. ನೆಲದಲ್ಲಿ ಗುಂಡಿ ತೋಡಿ, ಕಟ್ಟಿಗೆ ಉರಿಸಿ ಕಲ್ಲು ಕಾಯಿಸಿ, ಮ್ಯಾಗೇ ಎಲೆಗಳನ್ನು ಹಾಸಿ ಅದರಲ್ಲಿ ಮಾಂಸ ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ಮ್ಯಾಗೇ ಬೇರೇನಲ್ಲ, ನಮ್ಮ ಬೇಲಿಯ ಕತ್ತಾಳೆಯ ಬಳಗ. ಕತ್ತಾಳೆ ನಮ್ಮಲ್ಲಿಗೆ ಬಂದದ್ದೂ ಆ ಕಡೆಯಿಂದಲೇ.

ರಾತ್ರಿಯಿಡೀ ಬೇಯಬೇಕಾದ್ದರಿಂದ ಇದು ದಿನಾ ಸಿಗುವ ತಿಂಡಿಯಲ್ಲ. ಶನಿವಾರ, ಭಾನುವಾರ ಬೆಳಗ್ಗೆ ಮಾರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಖಾಲಿ. ಬೆಲೆಯೂ ಜಾಸ್ತಿ. ಬೀದಿಯ ಟ್ಯಾಕೋಗಳಲ್ಲಿ ಸಾಮಾನ್ಯವಾಗಿ ಇದೇ ದುಬಾರಿ.

ಗುಂಡಿಯೊಳಗೆ ಮಾಂಸದ ಕೆಳಗೆ ಒಂದು ಪಾತ್ರೆ ಇಟ್ಟಿರುತ್ತಾರೆ. ತೊಟ್ಟಿಕ್ಕಿದ ರಸ, ನೆಣ ಎಲ್ಲ ಅಲ್ಲಿಗೆ. ಅದರಲ್ಲಿ ಕಡಲೆಕಾಳು, ಅಕ್ಕಿ ಬೆಂದು ಕೊನ್ಸೊಮೆ ಎಂಬ ಸಾರು ಆಗುತ್ತದೆ. ಈಗ ಆಯ್ಕೆ ನಿಮ್ಮ ಕೈಯಲ್ಲಿದೆ. ಟ್ಯಾಕೋ ಮಾತ್ರ ತಿಂದರೆ ಹಬೆಯಲ್ಲಿ ಬೆಂದು ಜಿಡ್ಡು ಸ್ವಲ್ಪ ಇಳಿದ ಮಾಂಸ. ಜೊತೆಗೆ ಒಂದು ಬಟ್ಟಲು ಸಾರು ಕುಡಿದರೆ ಇಳಿದ ನೆಣ, ಅದರ ಜೊತೆ ಉಪ್ಪು, ಎರಡೂ ವಾಪಸ್. ಬಿಪಿ ಇರುವವರು ಅರ್ಧ ಬಟ್ಟಲಿಗೆ ನಿಲ್ಲಿಸಿ. ಯೂರಿಕ್ ಆಸಿಡ್ ತೊಂದರೆ ಇರುವವರು ಸಾರನ್ನು ಪೂರ್ತಿ ಬಿಡುವುದೇ ಒಳ್ಳೆಯದು, ಮಾಂಸದ ಸಾರಿನಲ್ಲಿ ಯೂರಿಕ್ ಆಸಿಡ್ ಹೆಚ್ಚಿಸುವ ಪ್ಯೂರಿನ್ ಇಳಿದಿರುತ್ತದೆ.

ಆದರೂ ಕುರಿ ಅಂದ ಮಾತ್ರಕ್ಕೆ ಹಗುರ ಅಲ್ಲ. ಕುರಿಯ ಭುಜದ ಮಾಂಸ 100 ಗ್ರಾಂಗೆ ಸುಮಾರು 275 ಕ್ಯಾಲೊರಿ, ಹಂದಿಯ ಹತ್ತಿರ ಹತ್ತಿರವೇ.

ಎಚ್ಚರಿಕೆ: ಉತ್ತರ ಮೆಕ್ಸಿಕೋ, ಟೆಕ್ಸಾಸ್ ಕಡೆ ಬಾರ್ಬಕೋವಾ ಅಂದರೆ ದನದ ತಲೆ, ಕೆನ್ನೆಯ ಮಾಂಸ. ಅಮೆರಿಕದ ಚೈನ್ ಅಂಗಡಿಗಳಲ್ಲೂ ಸಾಮಾನ್ಯವಾಗಿ ದನದ್ದೇ. ಮಾಂಟೆರೇಯಲ್ಲಿ ಇರುವವರಂತೂ ಕೇಳದೆ ಬಾಯಿಗಿಡಬೇಡಿ. "ಎಸ್ ದೆ ಬೊರ್ರೇಗೋ?" ಅಂದರೆ ಕುರಿಯದಾ ಅಂತ.

ಬಿರ್ರಿಯಾ: ಒಂದೇ ಹೆಸರು, ಎರಡು ಊಟ

ಗ್ವಾದಲಹಾರಾ ಇರುವ ಹಲಿಸ್ಕೋ ರಾಜ್ಯದ ಅಡುಗೆ ಇದು. ಮೂಲದಲ್ಲಿ ಮೇಕೆ, ಒಣಮೆಣಸಿನಕಾಯಿ ಮಸಾಲೆಯಲ್ಲಿ ನಿಧಾನಕ್ಕೆ ಬೆಂದದ್ದು. ಬೆಂದ ಮೇಕೆ ಮಾಂಸ 100 ಗ್ರಾಂಗೆ ಬರೀ 143 ಕ್ಯಾಲೊರಿ, 27 ಗ್ರಾಂ ಪ್ರೊಟೀನ್, 3 ಗ್ರಾಂ ಕೊಬ್ಬು. ಟೋರ್ಟಿಯಾ ಸೇರಿ ಒಂದು ಟ್ಯಾಕೋ 140 ಕ್ಯಾಲೊರಿ. ಈ ಬರಹದಲ್ಲಿ ಹೆಸರಿಸಿದ ಮಾಂಸಗಳಲ್ಲಿ ಇದಕ್ಕಿಂತ ಹಗುರ ಇನ್ನೊಂದಿಲ್ಲ.

ಆದರೆ ನೀವು ಮೊಬೈಲಿನಲ್ಲಿ ನೋಡಿರುವ ಬಿರ್ರಿಯಾ ಇದಲ್ಲ. ಅದು ತಿಹುವಾನಾ ಕಡೆಯಿಂದ ಕ್ಯಾಲಿಫೋರ್ನಿಯಾಗೆ ಬಂದು ವೈರಲ್ ಆದ ದನದ ಮಾಂಸದ ಕೇಸಬಿರ್ರಿಯಾ. ಸಾರಿನ ಮೇಲೆ ತೇಲುವ ಕೆಂಪು ಕೊಬ್ಬಿನಲ್ಲಿ ಟೋರ್ಟಿಯಾ ಅದ್ದಿ, ಕಾವಲಿ ಮೇಲೆ ಗರಿಗರಿ ಮಾಡಿ, ಚೀಸ್ ತುಂಬಿ, ಮತ್ತೆ ಅದೇ ಸಾರಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ತೆಗೆದ ನೆಣವನ್ನು ರೊಟ್ಟಿಗೇ ಸವರಿ ಕೊಟ್ಟ ಹಾಗಾಯ್ತು. ರುಚಿ ಅದ್ಭುತ, ಒಪ್ಪುತ್ತೇನೆ. ವಾರದ ಊಟಕ್ಕಲ್ಲ, ಯಾವಾಗಲೋ ಒಮ್ಮೆ ಆಸೆಗೆ ತಿನ್ನುವುದು. ಮೇಕೆಯದು ಬೇಕಾದರೆ "ದೆ ಚೀವೋ" ಅನ್ನಿ, "ದೆ ರೆಸ್" ಅಂತ ಉತ್ತರ ಬಂದರೆ ಅದು ದನದ್ದು.

ಕಾರ್ನೆ ಅಸಾದಾ ಮತ್ತು ಮಿಕ್ಕವು

ದನದ ಮಾಂಸ ತಿನ್ನುವವರಿಗೆ ಲೆಕ್ಕ ಸುಲಭ. ಸೊನೋರಾ ಮತ್ತು ಉತ್ತರದ ರಾಜ್ಯಗಳ ಕಾರ್ನೆ ಅಸಾದಾದಲ್ಲಿ ತೆಳು ಮಾಂಸವನ್ನು ನೇರ ಕೆಂಡದ ಮೇಲೆ ಸುಡುತ್ತಾರೆ. ನೆಣ ಕೆಂಡಕ್ಕೆ ಹೋಗುತ್ತದೆ, ವಾಪಸ್ ಬರುವ ದಾರಿಯಿಲ್ಲ. ಕಬ್ಬಿಣ, ಬಿ12 ಚೆನ್ನಾಗಿ ಸಿಗುತ್ತವೆ, ಜೊತೆಗಿನ ನಿಂಬೆ ಮತ್ತು ಹಸಿ ಸಾಲ್ಸಾದ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ತೊಡಕು ಒಂದೇ. ಅದು ಗೋಧಿಯ ಸೀಮೆ, ಹೇಳದಿದ್ದರೆ ಗೋಧಿ ಟೋರ್ಟಿಯಾದಲ್ಲೇ ಕೊಡಬಹುದು, ಅದರ ಹಿಟ್ಟಿಗೆ ಹಂದಿ ಕೊಬ್ಬು ಬಿದ್ದಿರಲೂಬಹುದು.

2024ರಲ್ಲಿ ಒಳ್ಳೆಯ ಹೋಟೆಲುಗಳಿಗೆ ಕೊಡುವ ಮಿಶೆಲಿನ್ ಸ್ಟಾರ್ ಪಡೆದು ಸುದ್ದಿಯಾದ ಮೆಕ್ಸಿಕೋ ನಗರದ ಎಲ್ ಕಲೀಫಾ ದೆ ಲೆಯೋನ್ 1968ರ ಪುಟ್ಟ ಅಂಗಡಿ. ಅಲ್ಲಿನ ಹೆಸರಾದ ಗವೊನೇರಾ ಕೂಡ ತೆಳುವಾದ ದನದ ಮಾಂಸ, ಉಪ್ಪು, ನಿಂಬೆ, ಟೋರ್ಟಿಯಾ, ಅಷ್ಟೇ. ಬೀದಿ ಗಾಡಿಗಿಂತ ದುಬಾರಿ.

ಸುವಾದೆರೋ ದನದ್ದು, ಕೊಬ್ಬಿನಲ್ಲಿ ಬೇಯುತ್ತದೆ. ಅದೇ ಬಾಣಲೆಯಲ್ಲಿ ಪಕ್ಕಕ್ಕೆ ಹಂದಿಯ ಸಾಸೇಜ್ ಕೂಡ ಇರುತ್ತದೆ, ಹಂದಿ ಬಿಡುವವರು ಗಮನಿಸಿ. ಲೆಂಗ್ವಾ ಅಂದರೆ ದನದ ನಾಲಗೆ. ಬೆಣ್ಣೆಯಂಥ ಮೆತ್ತಗೆ, 100 ಗ್ರಾಂಗೆ 22 ಗ್ರಾಂ ಕೊಬ್ಬು. ಯುಕಟಾನಿನ ಕೊಚಿನೀತಾ ಪಿಬಿಲ್ ಹಂದಿಯನ್ನು ಅಚಿಯೋತೆ, ಹುಳಿ ಕಿತ್ತಳೆ ರಸದಲ್ಲಿ ನೆನೆಸಿ ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ್ದು. ಜೊತೆಗಿಡುವ ಹಬನೇರೋ ಸಾಲ್ಸಾ ಮಾತ್ರ ನಮ್ಮ ಖಾರದ ಜಂಬವನ್ನು ಇಳಿಸುತ್ತದೆ. ಜೇಬು ತೀರಾ ಬಿಗಿ ಇದ್ದರೆ ಸೈಕಲ್ ಮೇಲೆ ಬುಟ್ಟಿಯಲ್ಲಿ ತರುವ ಟ್ಯಾಕೋ ದೆ ಕನಾಸ್ತಾ ಹುಡುಕಿ. ಆಲೂಗಡ್ಡೆಯದು, ಹುರುಳಿಕಾಯಿ ಜಾತಿಯ ಕಾಳಿನದು ಅದರಲ್ಲಿ ಸಿಗುತ್ತವೆ. ಆದರೆ ಎಣ್ಣೆ ಜಾಸ್ತಿ, ಕಾಳಿಗೆ ಹಂದಿ ಕೊಬ್ಬು ಹಾಕಿರುವುದು ಮಾಮೂಲು. ಸಸ್ಯಾಹಾರಿಗಳು "ಸಿನ್ ಮಂತೇಕಾ", ಅಂದರೆ ಹಂದಿ ಕೊಬ್ಬಿಲ್ಲದ್ದು, ಅಂತ ಕೇಳಿಯೇ ತಗೊಳ್ಳಿ.

ಚೋರೀಸೋ ಎಂಬ ಹಂದಿಯ ಸಾಸೇಜ್ ಬಗ್ಗೆ ಒಂದು ಮಾತು. ಅದು ಸಂಸ್ಕರಿಸಿದ ಮಾಂಸ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವವುಗಳ ಗುಂಪಿಗೆ ಸೇರಿಸಿತು, ಕೆಂಪು ಮಾಂಸವನ್ನು ತರುವ ಸಂಭವ ಇರುವವುಗಳ ಗುಂಪಿಗೆ. ರುಚಿ ನೋಡಿ, ದಿನದ ಊಟ ಮಾಡಿಕೊಳ್ಳಬೇಡಿ.

ಈಗ ನಿಮ್ಮ ಲೆಕ್ಕ

ಕೊಲೆಸ್ಟ್ರಾಲ್ ಇರುವ ಅಪ್ಪನಿಗೆ ಮೇಕೆಯ ಬಿರ್ರಿಯಾ ಎರಡು, ಸಾರು ಇಲ್ಲದೆ. ಅದು ಸಿಗದ ಊರಿನಲ್ಲಿ ಅವರು ಹಂದಿ ತಿನ್ನುವುದಾದರೆ ಮಾಸೀಸಾ. ಜಿಮ್‌ಗೆ ಹೋಗುವವರಿಗೆ ಮೇಕೆ ಇಲ್ಲವೇ ಅಸಾದಾ. ಮೂರು ಟ್ಯಾಕೋದ ಮಾಂಸದಿಂದಲೇ ಸುಮಾರು 36 ಗ್ರಾಂ ಪ್ರೊಟೀನ್ ಬಂತು. ಬಿಪಿ ಇದ್ದರೆ ಮೆಕ್ಕೆಜೋಳದ ಟೋರ್ಟಿಯಾ, ಉಪ್ಪು ಕಡಿಮೆ ಹಾಕಿದ ಅಸಾದಾ, ಹೆಚ್ಚು ನಿಂಬೆ. ಹೊಸಬರು, ರಾತ್ರಿ ಹಸಿವು, ಕಡಿಮೆ ದುಡ್ಡು ಅಂದರೆ ಪಾಸ್ತೋರ್, ಮೂರಕ್ಕೆ ನಿಲ್ಲಿಸಿ. ಭಾನುವಾರ, ಮನೆಮಂದಿ, ದುಡ್ಡಿನ ಚಿಂತೆ ಇಲ್ಲ ಅಂದರೆ ಕುರಿಯ ಬಾರ್ಬಕೋವಾ ಬಿಟ್ಟು ಬೇರೇನೂ ನೋಡಬೇಡಿ.

ಬೆಂಗಳೂರಿನಲ್ಲೇ ಮಾಡಿಕೊಳ್ಳುತ್ತೇವೆ ಅನ್ನುವವರಿಗೆ ಬಿರ್ರಿಯಾ ಎಲ್ಲಕ್ಕಿಂತ ಸುಲಭ. ಮೇಕೆ ಮಾಂಸ ಸಿಗುತ್ತದೆ, ಕುಕ್ಕರ್ ಇದೆ. ಅಲ್ಲಿನ ಗ್ವಾಹೀಯೋ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಕೆಲಸಕ್ಕೆ ಬ್ಯಾಡಗಿ ಸರಿಯಾಗುತ್ತದೆ. ಹಿಂದಿನ ದಿನವೇ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ನೆಣ ಮೇಲೆ ಗಟ್ಟಿಯಾಗಿ ಕೂರುತ್ತದೆ, ಚಮಚದಲ್ಲಿ ಎತ್ತಿಬಿಡಿ. ಟೋರ್ಟಿಯಾಗೆ ಮಾತ್ರ ಅಂಗಡಿಯ ಮೆಕ್ಕೆಜೋಳದ ಹಿಟ್ಟು ಆಗುವುದಿಲ್ಲ. ಸುಣ್ಣದಲ್ಲಿ ಬೇಯದ ಹಿಟ್ಟಿಗೆ ಆ ಅಂಟು ಇಲ್ಲ, ಮಡಚಿದರೆ ಮುರಿಯುತ್ತದೆ. ಸುಣ್ಣದಲ್ಲಿ ಬೇಯಿಸಿ ಮಾಡಿದ ಹಿಟ್ಟನ್ನು ಮಾಸಾ ಹರೀನಾ ಅಂತ ಕೇಳಿ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಅದು ದುಬಾರಿ ಅನ್ನಿಸಿದರೆ ಎಣ್ಣೆ ಸವರದ ತೆಳು ಚಪಾತಿಯಲ್ಲಿ ತಿನ್ನಿ. ಸೊನೋರಾದವರೂ ಗೋಧಿಯಲ್ಲೇ ತಿನ್ನುವುದು.